ಟಾಮ್ ಸೋಲೋದಲ್ಲಿ ದಪ್ಪ, ಮಿಕ್ಸ್‌ಗೆ ಸೇರಿದರೆ ಟೊಳ್ಳು

ಪ್ರಶ್ನೆ: ಡ್ರಮ್ ಸೆಟ್ ರೆಕಾರ್ಡಿಂಗ್ ಮಿಕ್ಸ್ ಮಾಡುತ್ತಿದ್ದೇನೆ. ಟಾಮ್ ಡ್ರಮ್ ಮೂರು: ಸ್ಟ್ಯಾಂಡ್ ಮೇಲೆ ಎರಡು ರ‍್ಯಾಕ್ ಟಾಮ್, ನೆಲದ ಮೇಲೆ ಒಂದು ಫ್ಲೋರ್ ಟಾಮ್. ಮೂರಕ್ಕೂ ಹತ್ತಿರದಲ್ಲಿ ಒಂದೊಂದು ಡೈನಾಮಿಕ್ ಮೈಕ್, ಮೇಲೆ ಇಡೀ ಸೆಟ್ಟಿನ ಸದ್ದು ಹಿಡಿಯುವ ಓವರ್‌ಹೆಡ್ ಮೈಕ್ ಜೋಡಿ. ಒಂದೊಂದನ್ನೇ ಕೇಳಿದರೆ ಚೆನ್ನಾಗಿವೆ, ಓವರ್‌ಹೆಡ್ ಆನ್ ಮಾಡಿದ ಕೂಡಲೇ ತೂಕವೇ ಇರುವುದಿಲ್ಲ. 100 ಹರ್ಟ್ಸ್ ಹತ್ತಿರ 6 ಡಿಬಿ ಏರಿಸಿದರೆ ಬರೀ ಗುಂಯ್ ಅನ್ನುತ್ತದೆ. 5 ಕಿಲೋಹರ್ಟ್ಸ್ ಏರಿಸಿದರೆ ಸಿಂಬಲ್ (ಲೋಹದ ತಟ್ಟೆ) ಕಿವಿಗೆ ಚುಚ್ಚುತ್ತದೆ. ಗೇಟ್ (ಸದ್ದು ಒಂದು ಮಟ್ಟಕ್ಕಿಂತ ಇಳಿದರೆ ಮುಚ್ಚುವ ಸಾಧನ) ಹಾಕಿದರೆ ನಾದ ನಡುವೆಯೇ ತುಂಡಾಗುತ್ತದೆ.

ಉತ್ತರ: ಮೊದಲು ಇಕ್ಯೂ (ಆವರ್ತನಗಳನ್ನು ಏರಿಸಿ ಇಳಿಸಿದ್ದು) ಎಲ್ಲ ತೆಗೆದುಬಿಡಿ. ಓವರ್‌ಹೆಡ್ ಸೇರಿದಾಗ ಮಾತ್ರ ತೂಕ ಹೋಗುತ್ತಿದೆ ಅಂದರೆ ಇದು ಫೇಸ್ ಸಮಸ್ಯೆ: ಒಂದೇ ಸದ್ದು ಎರಡು ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ ಒಂದನ್ನೊಂದು ಅಳಿಸುತ್ತದೆ. ಶಬ್ದಕ್ಕೆ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹತ್ತಿರದ ಮೈಕಿಗಿಂತ ಓವರ್‌ಹೆಡ್ 1.4 ಮೀಟರ್ ಹೆಚ್ಚು ದೂರದಲ್ಲಿದ್ದರೆ 4 ಮಿಲಿಸೆಕೆಂಡ್ ತಡ. 125 ಹರ್ಟ್ಸ್‌ಗೆ ಅದು ಸರಿಯಾಗಿ ಅರ್ಧ ಸುತ್ತು, ಅಂದರೆ ಒಂದು ಮೈಕ್ ತಳ್ಳುವಾಗ ಇನ್ನೊಂದು ಎಳೆಯುತ್ತದೆ. ರ‍್ಯಾಕ್ ಟಾಮ್‌ನ ಮೂಲ ಸ್ವರ ಇರುವುದೂ ಹೆಚ್ಚುಕಡಿಮೆ ಅಲ್ಲೇ.

ಓವರ್‌ಹೆಡ್ ಜೊತೆ ಒಂದೇ ಟಾಮ್ ಪ್ಲೇ ಮಾಡಿ, ಟಾಮ್ ಟ್ರ್ಯಾಕಿನ ಪೊಲಾರಿಟಿ ಬಟನ್ (ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿ ನೋಡಿ. ತಳ (ಕೆಳಗಿನ ಸ್ವರ) ಎಲ್ಲಿ ತುಂಬಿ ಬರುತ್ತದೋ ಅಲ್ಲೇ ಬಿಡಿ. ಮೂರನ್ನೂ ಬೇರೆ ಬೇರೆ ಪರೀಕ್ಷಿಸಿ. ಒಂದಕ್ಕೆ ಸರಿಹೋದದ್ದು ಇನ್ನೊಂದಕ್ಕೆ ಆಗಬೇಕೆಂದಿಲ್ಲ.

ಗೇಟ್ ಬೇಡ, ಕೈಯಲ್ಲೇ ಕತ್ತರಿಸಿ. ಒಂದು ಹಾಡಿನಲ್ಲಿ ಟಾಮ್ ಏಟುಗಳು ಸಾಮಾನ್ಯವಾಗಿ ಕಡಿಮೆಯೇ. ಏಟಿಗಿಂತ 5 ಮಿಲಿಸೆಕೆಂಡ್ ಮುಂಚೆ ಕಟ್ ಮಾಡಿ ಪುಟ್ಟ ಫೇಡ್-ಇನ್ ಕೊಡಿ. ಕೊನೆಯಲ್ಲಿ ನಾದ ಸಿಂಬಲ್ ಸದ್ದಿನೊಳಗೆ ಮುಳುಗುವ ಕಡೆ ಮುಗಿಯುವಂತೆ ಉದ್ದನೆಯ ಫೇಡ್-ಔಟ್. ಫ್ಲೋರ್ ಟಾಮ್‌ಗೆ ಒಂದು ಸೆಕೆಂಡಿಗಿಂತ ಹೆಚ್ಚೇ ಬೇಕಾಗಬಹುದು. ಕಿಕ್ ಡ್ರಮ್, ಬೇಸ್ ಗಿಟಾರ್ ಸದ್ದಿಗೆ ಟಾಮ್ ತಾನಾಗಿ ಕಂಪಿಸುತ್ತಾ ಹಾಡಿನುದ್ದಕ್ಕೂ ಗುನುಗುವುದೂ ಇದರಿಂದ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು: ಫ್ಲೋರ್ ಟಾಮ್ ಪೊಲಾರಿಟಿ ತಿರುಗಿಸಿದ್ದೇ ತಡ, ತುಂಬಿಕೊಂಡಿತು! ಮೊದಲ ರ‍್ಯಾಕ್ ಟಾಮ್ ಮಾತ್ರ ಹೇಗೆ ಇಟ್ಟರೂ ತೆಳು.

ಇನ್ನೊಂದು ಉತ್ತರ: ಹಾಗಾದರೆ ವ್ಯತ್ಯಾಸ ಕಾಲು ಸುತ್ತಿನ ಹತ್ತಿರ ಇದೆ, ಪೊಲಾರಿಟಿಗೆ ಅದು ಸಿಗುವುದಿಲ್ಲ. ಆ ಟಾಮ್ ಜೋರಾಗಿ ಕೇಳುವ ಓವರ್‌ಹೆಡ್‌ನ ವೇವ್‌ಫಾರ್ಮ್ ಜೂಮ್ ಮಾಡಿ, ಏಟಿನ ಆರಂಭ ಎರಡರಲ್ಲೂ ಒಂದೇ ಕಡೆ ಬರುವಂತೆ ಟಾಮ್ ಕ್ಲಿಪ್ಪನ್ನು ಬಲಕ್ಕೆ ಸರಿಸಿ. 48 ಕಿಲೋಹರ್ಟ್ಸ್ ರೆಕಾರ್ಡಿಂಗ್ ಆದರೆ ಮಿಲಿಸೆಕೆಂಡಿಗೆ 48 ಸ್ಯಾಂಪಲ್. ಸರಿಸಿದ ಮೇಲೆ ಪೊಲಾರಿಟಿ ಮತ್ತೆ ನೋಡಿ. ಕತ್ತರಿಸಿದ ನಂತರವೇ ಇದನ್ನು ಮಾಡಿ. ಇಲ್ಲದಿದ್ದರೆ ಟಾಮ್ ಮೈಕಿಗೆ ಸೋರಿದ ಸ್ನೇರ್ ಡ್ರಮ್ ಸದ್ದು ಕೂಡ ಜೊತೆಗೆ ಸರಿದು ಹಾಡಿಡೀ ಸ್ನೇರ್ ಕೆಡುತ್ತದೆ.

ಈಗ ಇಕ್ಯೂ, ಅದೂ ಓವರ್‌ಹೆಡ್ ಆನ್ ಇದ್ದಾಗಲೇ. 300ರಿಂದ 500 ಹರ್ಟ್ಸ್ ನಡುವೆ ಡಬ್ಬಾ ಸದ್ದು ಎಲ್ಲಿದೆ ಹುಡುಕಿ 4–6 ಡಿಬಿ ಇಳಿಸಿ. ಇಷ್ಟಕ್ಕೇ ತಳ ತಾನಾಗಿ ಎದ್ದು ಕೇಳುತ್ತದೆ, ಮೂಲ ಸ್ವರಕ್ಕೆ 2 ಡಿಬಿ ಸಾಕಾಗಬಹುದು. ಏಟಿನ ಮೊನೆಗೆ 5 ಕಿಲೋಹರ್ಟ್ಸ್ ಏರಿಸುವ ಬದಲು ಕಂಪ್ರೆಸರ್ (ಜೋರಾದ ಸದ್ದನ್ನು ತಗ್ಗಿಸುವ ಸಾಧನ) ಬಳಸಿ: ರೇಷಿಯೋ 4:1, ಅಟ್ಯಾಕ್ (ಹಿಡಿಯಲು ತೆಗೆದುಕೊಳ್ಳುವ ಹೊತ್ತು) 20–30 ಮಿಲಿಸೆಕೆಂಡ್, 4 ಡಿಬಿ ತಗ್ಗುವಷ್ಟು. ಕೋಲಿನ ಪೆಟ್ಟು ಹಾದುಹೋದ ಮೇಲೆ ಅದು ಹಿಡಿಯುತ್ತದೆ. ರಿಲೀಸ್ (ಬಿಡಲು ತೆಗೆದುಕೊಳ್ಳುವ ಹೊತ್ತು) ತೀರಾ ವೇಗವಾಗಿಟ್ಟರೆ ಸಿಂಬಲ್ ಮತ್ತೆ ಮೇಲೇಳುತ್ತದೆ, 150 ಮಿಲಿಸೆಕೆಂಡ್‌ನಿಂದ ಶುರುಮಾಡಿ.