ಮನೆಯಲ್ಲಿ ಕಾರ್ ಕೆಲಸಕ್ಕೆ ಬ್ಯಾಟರಿ ಇಂಪ್ಯಾಕ್ಟ್ ರೆಂಚ್: ಎಷ್ಟು ಟಾರ್ಕ್ ಇರೋದು ತಗೋಬೇಕು?

ಪ್ರಶ್ನೆ

ನಮಸ್ಕಾರ. ಮನೆಯಲ್ಲೇ ಕಾರಿನ ಕೆಲಸ ಮಾಡಿಕೊಳ್ಳೋಕೆ ಬ್ಯಾಟರಿಯಲ್ಲಿ ನಡೆಯೋ ಇಂಪ್ಯಾಕ್ಟ್ ರೆಂಚ್ (ಒಳಗಿನ ಸುತ್ತಿಗೆ ಏಟಿನಿಂದ ನಟ್ ತಿರುಗಿಸೋ ಯಂತ್ರ) ತಗೋಬೇಕು ಅಂತಿದ್ದೀನಿ. ಕೆಲಸ ಅಂದ್ರೆ ಚಕ್ರ ಬಿಚ್ಚಿ ಹಾಕೋದು, ಬ್ರೇಕ್ ಪ್ಯಾಡ್, ಡಿಸ್ಕ್, ಮುಂದಿನ ಸಸ್ಪೆನ್ಷನ್ ಆರ್ಮ್. ಡ್ರೈವ್ ಶಾಫ್ಟ್ (ಎಂಜಿನ್ ಬಲ ಚಕ್ರಕ್ಕೆ ಒಯ್ಯೋ ದಂಡ) ನಟ್ ಕೂಡ ಬಿಚ್ಚಬೇಕಾಗಬಹುದು. ಟಾರ್ಕ್, ಅಂದ್ರೆ ತಿರುಗಿಸೋ ಬಲ, ಒಂದು ಡಬ್ಬದ ಮೇಲೆ 350 ನ್ಯೂಟನ್ ಮೀಟರ್ ಅಂತಿದೆ, ಇನ್ನೊಂದರ ಮೇಲೆ 1000. ವೋಲ್ಟೂ ಅಷ್ಟೇ, ಒಂದು 18, ಒಂದು 20, ಮತ್ತೊಂದು 21. ಅರ್ಧ ಇಂಚಿನದು ತಗೊಳ್ಳೋದೋ 3/8 ಇಂಚಿನದೋ? ಮನೇಲಿರೋ ಹೊಳೆಯೋ ಸಾಕೆಟ್ ಸೆಟ್ ಇದಕ್ಕೆ ನಡೆಯುತ್ತಾ?

ಉತ್ತರ 1

ಮೊದಲು ಡಬ್ಬದ ಮೇಲಿನ ಅಂಕಿ ಯಾವುದರದ್ದು ಅಂತ ನೋಡಿ. ಬಿಗಿ ಮಾಡುವಾಗ ಕೊಡುವ ಟಾರ್ಕ್ ಬೇರೆ, ಬಿಗಿಯಾಗಿ ಕೂತ ನಟ್ಟನ್ನು ಬಿಚ್ಚುವಾಗಿನ ಟಾರ್ಕ್ ಬೇರೆ. ಎರಡನೆಯದೇ ದೊಡ್ಡದು, ಆದ್ದರಿಂದ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರುವುದೂ ಸಾಮಾನ್ಯವಾಗಿ ಅದೇ. ಎರಡು ಮಾಡೆಲ್ ಹೋಲಿಸುವಾಗ ಒಂದರ ಬಿಗಿ ಟಾರ್ಕನ್ನು ಇನ್ನೊಂದರ ಬಿಚ್ಚುವ ಟಾರ್ಕಿಗೆ ಹೋಲಿಸಬೇಡಿ. ಕೆಲವರು ಪೌಂಡ್-ಅಡಿಯಲ್ಲಿ ಬರೆಯುತ್ತಾರೆ; ಅದನ್ನು 1.356ರಿಂದ ಗುಣಿಸಿದರೆ ನ್ಯೂಟನ್ ಮೀಟರ್ ಸಿಗುತ್ತದೆ. 300 ಪೌಂಡ್-ಅಡಿ ಅಂದರೆ ಸುಮಾರು 407.

ಇನ್ನು ನಿಮ್ಮ ಕೆಲಸಕ್ಕೆ ಎಷ್ಟು ಬೇಕು ಅನ್ನೋದು. ಸಾಮಾನ್ಯ ಕಾರಿನ ವೀಲ್ ನಟ್ ಬಿಗಿ 90ರಿಂದ 140 ನ್ಯೂಟನ್ ಮೀಟರ್ ಒಳಗೆ. ಬ್ರೇಕ್ ಕ್ಯಾಲಿಪರ್ ಬ್ರಾಕೆಟ್ ಬೋಲ್ಟ್ ಸುಮಾರು 80ರಿಂದ 120. ಡ್ರೈವ್ ಶಾಫ್ಟ್ ನಟ್ ಬಹಳಷ್ಟು ಕಾರುಗಳಲ್ಲಿ 200ರಿಂದ 300. ಇವೆಲ್ಲ ಹೊಸದಾಗಿ ಬಿಗಿ ಮಾಡುವಾಗಿನ ಲೆಕ್ಕ. ವರ್ಷಗಟ್ಟಲೆ ನೀರು, ಮಣ್ಣು ಕುಡಿದು ತುಕ್ಕು ಹಿಡಿದ ಮೇಲೆ ಅದೇ ನಟ್ ಬಿಚ್ಚಲು ಇದಕ್ಕಿಂತ ಬಹಳ ಹೆಚ್ಚು ಬಲ ಬೇಕಾಗುತ್ತದೆ. ಜೊತೆಗೆ ಕಂಪನಿ ಹೇಳುವ ಟಾರ್ಕ್ ಹೊಸ ಬ್ಯಾಟರಿ, ಪೂರ್ತಿ ಚಾರ್ಜ್, ಚಿಕ್ಕ ಸಾಕೆಟ್ ಹಾಕಿ ಅಳೆದದ್ದು. ಚಕ್ರದ ಸಂದಿಯಲ್ಲಿ ಎಕ್ಸ್‌ಟೆನ್ಷನ್ ಹಾಕಿದಾಗ ಅಷ್ಟು ಕೈಗೆ ಬರುವುದಿಲ್ಲ.

ಹಾಗಾಗಿ ನನ್ನ ಸಲಹೆ: ಅರ್ಧ ಇಂಚು ಡ್ರೈವ್ (ಸಾಕೆಟ್ ಕೂರುವ ಚೌಕ ತುದಿಯ ಅಳತೆ), ಬಿಚ್ಚುವ ಟಾರ್ಕ್ 500ರಿಂದ 700ರ ಆಸುಪಾಸು ಇರುವ ಮಧ್ಯಮ ಗಾತ್ರದ್ದು. 1000 ದಾಟಿದವು ಬ್ಯಾಟರಿ ಸೇರಿ 3 ಕೆ.ಜಿ. ಮೀರುವುದೇ ಹೆಚ್ಚು, ತಲೆಯೂ ಉದ್ದ. ಕ್ಯಾಲಿಪರ್ ಹಿಂದಿನ ಬೋಲ್ಟಿಗೆ ಹಿಡಿಯಲು ಹೋದರೆ ತಲೆ ಸಸ್ಪೆನ್ಷನ್ನಿಗೆ ತಾಗಿ ನೇರ ಕೂರುವುದೇ ಇಲ್ಲ. ತಗೊಳ್ಳುವ ಮುಂಚೆ ಟಾರ್ಕಿನಷ್ಟೇ ಗಮನ ಕೊಟ್ಟು ತಲೆಯ ಉದ್ದ ಎಷ್ಟು ಮಿಲಿಮೀಟರ್ ಅಂತ ನೋಡಿ, ಅದಕ್ಕೆ ಡೀಪ್ ಸಾಕೆಟ್ಟಿನ ಉದ್ದ ಸೇರಿಸಿ, ನಿಮ್ಮ ಕಾರಿನ ಕೆಳಗೆ ಅಳತೆ ಪಟ್ಟಿ ಹಿಡಿದು ನೋಡಿ.

3/8 ಇಂಚಿನದು ಎಂಜಿನ್ ಸುತ್ತಲಿನ 10, 12, 14 ಮಿ.ಮೀ. ಬೋಲ್ಟ್‌ಗಳಿಗೆ ಬಹಳ ಅನುಕೂಲ. ಆದರೆ ಒಂದೇ ತಗೊಳ್ಳುವುದಾದರೆ ಅದು ಬೇಡ.

ಉತ್ತರ 2

ವೋಲ್ಟ್ ವಿಷಯಕ್ಕೆ ಬರ್ತೀನಿ. 18, 20, 21 ಮೂರೂ ಒಂದೇ. ಒಳಗೆ 5 ಲಿಥಿಯಂ ಸೆಲ್ ಸರಣಿಯಲ್ಲಿ ಇರುತ್ವೆ. ಒಂದು ಸೆಲ್ಲಿನ ನಾಮಿನಲ್ ವೋಲ್ಟೇಜ್ 3.6, ಪೂರ್ತಿ ಚಾರ್ಜ್ ಆದಾಗ 4.2. ಐದರಿಂದ ಗುಣಿಸಿ: 18 ಮತ್ತು 21. ನಡುವಿನ 4 ವೋಲ್ಟ್ ಹಿಡಿದವರು 20 ಅಂತ ಹಾಕ್ತಾರೆ. 48, 88, 288 ಅಂತೆಲ್ಲ ಅಚ್ಚು ಹಾಕಿದ ಹೆಸರಿಲ್ಲದ ಪ್ಯಾಕ್‌ಗಳ ಒಳಗೂ ಸಾಮಾನ್ಯವಾಗಿ ಇದೇ 5 ಸೆಲ್ ಸಾಲು. ಅಂಥ ಅಂಕಿ ಕಂಡರೆ ಅದರ ಟಾರ್ಕ್ ಅಂಕಿಯನ್ನೂ ನಂಬಬೇಡಿ.

ನಿಜವಾದ ವ್ಯತ್ಯಾಸ ಇರೋದು ಆಂಪ್-ಅವರ್‌ನಲ್ಲಿ. ಇದು ಬರೀ ಎಷ್ಟು ಹೊತ್ತು ಓಡುತ್ತೆ ಅನ್ನೋ ವಿಷಯ ಅಲ್ಲ. 2 ಆಂಪ್-ಅವರ್ ಪ್ಯಾಕಲ್ಲಿ 5 ಸೆಲ್ಲಿನ ಒಂದೇ ಸಾಲು, ಮೋಟಾರ್ ಕೇಳೋ ಕರೆಂಟೆಲ್ಲ ಆ ಒಂದು ಸಾಲಿನಿಂದಲೇ ಬರಬೇಕು. ಬಿಗಿಯಾದ ನಟ್ ಸಿಕ್ಕಿದ ತಕ್ಷಣ ವೋಲ್ಟೇಜ್ ಕುಸಿಯುತ್ತೆ, ಸುತ್ತಿಗೆ ಏಟಿನ ವೇಗ ಇಳಿಯುತ್ತೆ, ಟಾರ್ಕೂ ಇಳಿಯುತ್ತೆ. 5 ಆಂಪ್-ಅವರ್ ಪ್ಯಾಕಲ್ಲಿ ಸಾಮಾನ್ಯವಾಗಿ 10 ಸೆಲ್, ಎರಡು ಸಾಲು ಹೊರೆ ಹಂಚಿಕೊಳ್ಳುತ್ವೆ. ಅದೇ ರೆಂಚು ಸಣ್ಣ ಪ್ಯಾಕಲ್ಲಿ ಬಿಚ್ಚದ ನಟ್ಟನ್ನ ದೊಡ್ಡ ಪ್ಯಾಕಲ್ಲಿ ಬಿಚ್ಚುತ್ತೆ. 21 ಮಿ.ಮೀ. ದಪ್ಪ, 70 ಮಿ.ಮೀ. ಉದ್ದದ ಸೆಲ್ ಹಾಕಿದ 4 ಆಂಪ್-ಅವರ್ ಪ್ಯಾಕ್ ಸಿಕ್ಕರೆ ಅದೂ ಒಳ್ಳೇದು, ಒಂದೇ ಪದರದಲ್ಲಿ ಹಗುರವಾಗೂ ಇರುತ್ತೆ. ಮೋಟಾರ್ ಬ್ರಶ್‌ಲೆಸ್ (ಒಳಗೆ ಉಜ್ಜೋ ಕಾರ್ಬನ್ ಬ್ರಶ್ ಇಲ್ಲದ್ದು) ಆಗಿರಲಿ.

ಮನೇಲಿ ಈಗಾಗಲೇ ಯಾವುದಾದರೂ ಕಂಪನಿಯ ಡ್ರಿಲ್ ಇದ್ದರೆ ಅದೇ ಬ್ಯಾಟರಿ ಕೂರೋ ರೆಂಚ್ ನೋಡಿ. ಪ್ಯಾಕನ್ನ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ತಿಂಗಳುಗಟ್ಟಲೆ ಬಳಸೋದಿಲ್ಲ ಅಂದ್ರೆ ಅರ್ಧ ಚಾರ್ಜಲ್ಲಿ ತಂಪಾದ ಜಾಗದಲ್ಲಿಡಿ.

ಉತ್ತರ 3

ಹೊಳೆಯುವ ಸಾಕೆಟ್ ದಯವಿಟ್ಟು ಹಾಕಬೇಡಿ. ಅವು ಕ್ರೋಮ್ ವೆನೇಡಿಯಂ ಉಕ್ಕು, ಗಟ್ಟಿ ಆದರೆ ಪೆಡಸು. ಕೈಪಾನದ ನಿಧಾನ ಬಲಕ್ಕೆ ಸರಿ, ಸುತ್ತಿಗೆ ಏಟಿಗೆ ಬಿರುಕು ಬಿಟ್ಟು ಚೂರು ಸಿಡಿಯುತ್ತವೆ. ಇಂಪ್ಯಾಕ್ಟ್ ಸಾಕೆಟ್ ಕಪ್ಪಗಿರುತ್ತದೆ, ಗೋಡೆ ದಪ್ಪ, ಬಹುತೇಕ ಕ್ರೋಮ್ ಮಾಲಿಬ್ಡಿನಂ. ಒಳಗೆ 6 ಮೂಲೆಯದೇ ಇರಲಿ. 12 ಮೂಲೆಯದು ನಟ್ಟಿನ ತುದಿಯನ್ನಷ್ಟೇ ಹಿಡಿಯುವುದರಿಂದ ತುಕ್ಕು ತಿಂದ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ, ಆಮೇಲೆ ಯಾವ ಸಾಕೆಟ್ಟೂ ಕಚ್ಚುವುದಿಲ್ಲ. ವೀಲ್ ನಟ್ಟಿಗೆ 17, 19, 21 ಮಿ.ಮೀ. ಡೀಪ್ ಸಾಕೆಟ್ ಸಾಕು. ಅಲಾಯ್ ಚಕ್ರವಾದರೆ ಹೊರಗೆ ಪ್ಲಾಸ್ಟಿಕ್ ತೊಡಿಸಿದ ತೆಳು ಗೋಡೆಯದು ತಗೊಳ್ಳಿ, ಇಲ್ಲವಾದರೆ ನಟ್ಟಿನ ಕುಳಿಯೊಳಗೆ ಗೀರು ಬೀಳುತ್ತದೆ.

ಎಕ್ಸ್‌ಟೆನ್ಷನ್ ಉದ್ದವಾದಷ್ಟೂ ಅದು ಸ್ಪ್ರಿಂಗಿನ ಹಾಗೆ ತಿರುಚಿಕೊಂಡು ಏಟನ್ನು ನುಂಗುತ್ತದೆ. ಯೂನಿವರ್ಸಲ್ ಜಾಯಿಂಟ್ ಹಾಕಿದರೆ ಇನ್ನೂ ಹೆಚ್ಚು. ಸಡಿಲ ಸಾಕೆಟ್ಟಿನದೂ ಅದೇ ಕಥೆ. ಬೇಕೇ ಬೇಕಾದಾಗ ಮಾತ್ರ, ಆದಷ್ಟು ಗಿಡ್ಡದ್ದನ್ನು ಹಾಕಿ.

ರೆಂಚಿನ ತುದಿಯ ಚೌಕದಲ್ಲಿ ಸಾಕೆಟ್ ಹಿಡಿಯುವುದಕ್ಕೆ ಉಂಗುರ ಇದೆಯೋ ಪಿನ್ ಇದೆಯೋ ನೋಡಿ. ಉಂಗುರದ್ದು ಎಳೆದರೆ ಬರುತ್ತದೆ, ಮನೆ ಕೆಲಸಕ್ಕೆ ಅದೇ ಸುಲಭ. ಪಿನ್ ಇರುವುದು ಬೀಳುವುದಿಲ್ಲ, ಆದರೆ ಪ್ರತಿ ಸಲ ಸಾಕೆಟ್ಟಿನ ತೂತಿನಲ್ಲಿ ಪಿನ್ ಒತ್ತಿಯೇ ತೆಗೆಯಬೇಕು.

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗ ಆಯ್ತು. ಇನ್ನೊಂದು ಮಾತು: 1, 2, 3 ಅಂತ ವೇಗ ಇರುತ್ತಲ್ಲ, 1ರಲ್ಲಿಟ್ಟು ವೀಲ್ ನಟ್ ಬಿಗಿ ಮಾಡಿದರೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯ್ತು ಅಂತ ಅಳೆದು ತೋರಿಸೋ ಕೈ ರೆಂಚ್) ಇಲ್ಲದೆ ನಡೆಯಲ್ವಾ? ಡ್ರೈವ್ ಶಾಫ್ಟ್ ನಟ್ಟಿಗೆ ಏನು ಜಾಗ್ರತೆ ಬೇಕು?

ಉತ್ತರ 1

ನಡೆಯುವುದಿಲ್ಲ. 1ರಲ್ಲಿ ಏಟು ಮೆಲ್ಲಗೆ, ಆದರೆ ಎಷ್ಟು ಏಟು ಬಿತ್ತು ಅನ್ನುವುದರ ಮೇಲೆ ಬಿಗಿ ಏರುತ್ತಲೇ ಹೋಗುತ್ತದೆ. ಒಂದು ನಟ್ಟಿಗೆ ಟ್ರಿಗರ್ ಅರ್ಧ ಸೆಕೆಂಡ್ ಹೆಚ್ಚು ಒತ್ತಿದರೆ ಅದು ಬೇರೆ, ಪಕ್ಕದ್ದು ಬೇರೆ. ಹೆಚ್ಚಾದರೆ ಸ್ಟಡ್ (ನಟ್ ಕೂರುವ ಬೋಲ್ಟ್) ಹಿಗ್ಗುತ್ತದೆ, ಥ್ರೆಡ್ ಹೋಗುತ್ತದೆ. ಒಂದೊಂದು ಒಂದೊಂದು ಬಿಗಿಯಾದರೆ ಡಿಸ್ಕ್ ಸಮವಾಗಿ ಕೂರದೆ ಕೆಲವು ಸಾವಿರ ಕಿ.ಮೀ. ಆದ ಮೇಲೆ ಬ್ರೇಕ್ ಒತ್ತಿದಾಗ ಪೆಡಲ್ ನಡುಗುವುದಕ್ಕೆ ಶುರುವಾಗುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲ ಮೂರು ನಾಲ್ಕು ಸುತ್ತು ಬರಿಗೈಯಲ್ಲಿ ತಿರುಗಿಸಿ, ಥ್ರೆಡ್ ಅಡ್ಡ ಹತ್ತಿದ್ದರೆ ಕೈಗೆ ಗೊತ್ತಾಗುತ್ತದೆ. ರೆಂಚಿಗೆ ಗೊತ್ತಾಗುವುದಿಲ್ಲ, ಹರಿದು ಹಾಕುತ್ತದೆ. ಆಮೇಲೆ ಕಡಿಮೆ ವೇಗದಲ್ಲಿ ನಟ್ ತಾಗುವ ತನಕ ಓಡಿಸಿ, ಮೊದಲ ಟಕ್ ಶಬ್ದ ಕೇಳಿದ ಕ್ಷಣ ಬಿಡಿ. ಕಾರು ಇಳಿಸಿ, ಟಾರ್ಕ್ ರೆಂಚಿನಲ್ಲಿ ಎದುರುಬದುರು ನಟ್ ಹಿಡಿದು ಎರಡು ಹಂತದಲ್ಲಿ, ಕಾರಿನ ಕೈಪಿಡಿ ಹೇಳಿದಷ್ಟಕ್ಕೆ ತನ್ನಿ. ಥ್ರೆಡ್ಡಿಗೆ ಎಣ್ಣೆ, ಗ್ರೀಸ್ ಸವರಬೇಡಿ. ಘರ್ಷಣೆ ಕಡಿಮೆಯಾಗಿ ಅದೇ ಟಾರ್ಕಿಗೆ ಸ್ಟಡ್ ಹೆಚ್ಚು ಎಳೆಯಲ್ಪಡುತ್ತದೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿ. ಟಾರ್ಕ್ ರೆಂಚಿಗೆ ದುಡ್ಡು ಉಳಿಯದ ಹಾಗೆ ಇಂಪ್ಯಾಕ್ಟ್ ತಗೊಳ್ಳುವುದಾದರೆ ಇಂಪ್ಯಾಕ್ಟನ್ನೇ ಮುಂದಕ್ಕೆ ಹಾಕಿ.

ಬಹಳಷ್ಟು ಕಾರುಗಳಲ್ಲಿ ಡ್ರೈವ್ ಶಾಫ್ಟ್ ನಟ್ಟಿನ ಅಂಚನ್ನು ಶಾಫ್ಟಿನ ಗ್ರೂವಿಗೆ ತಟ್ಟಿ ಕೂರಿಸಿರುತ್ತಾರೆ. ಅದನ್ನು ಉಳಿಯಿಂದ ಪೂರ್ತಿ ಎತ್ತದೆ ರೆಂಚ್ ಹಾಕಿದರೆ ಶಾಫ್ಟಿನ ಥ್ರೆಡ್ಡೇ ಕಿತ್ತುಬರಬಹುದು. ಒಬ್ಬರು ಬ್ರೇಕ್ ಒತ್ತಿ ಹಿಡಿದಿರಲಿ. ನಟ್ ತೆಗೆದ ಮೇಲೆ ಆ ಚಕ್ರದ ಮೇಲೆ ಕಾರಿನ ಭಾರ ಬಿಡಬೇಡಿ, ಬೇರಿಂಗ್ ಹಾಳಾಗಬಹುದು. ಹಾಕುವಾಗ ಹೊಸ ನಟ್, ಟಾರ್ಕ್ ರೆಂಚ್.

ಉತ್ತರ 4

ಬಿಚ್ಚುವಾಗಲೂ ಮಿತಿ ಇದೆ. ಐದಾರು ಸೆಕೆಂಡ್ ಹೊಡೆದರೂ ನಟ್ ಅಲ್ಲಾಡಲಿಲ್ಲ ಅಂದ್ರೆ ನಿಲ್ಲಿಸಿ. ತುಕ್ಕಿಗೆ ಇಳಿಯೋ ಎಣ್ಣೆ ಹಾಕಿ ಅರ್ಧ ಗಂಟೆ ಬಿಟ್ಟು, ಒಂದು ಕ್ಷಣ ಬಿಗಿ ಮಾಡೋ ಕಡೆ, ಮತ್ತೆ ಬಿಚ್ಚೋ ಕಡೆ ಹೊಡೆಯಿರಿ. ವೀಲ್ ಸ್ಟಡ್ಡಿಗೆ ಹೀಗೆ ಎಣ್ಣೆ ಹಾಕಿದ್ದರೆ ಮತ್ತೆ ಬಿಗಿ ಮಾಡೋ ಮುಂಚೆ ಚೆನ್ನಾಗಿ ಒರೆಸಿ. ಹಿಂದಕ್ಕೆ ತಿರುಗುವಾಗ ನಟ್ ಸಡಿಲವಾದ ಕೂಡಲೇ ತಾನೇ ನಿಲ್ಲೋ ಮೋಡ್ ಇರೋ ರೆಂಚ್ ಸಿಕ್ಕರೆ ಅದನ್ನೇ ಆರಿಸಿ, ನಟ್ ಹಾರಿ ಎಲ್ಲೋ ಹೋಗಿ ಬೀಳಲ್ಲ.

ಆಯಿಲ್ ಡ್ರೈನ್ ಪ್ಲಗ್, ಸ್ಪಾರ್ಕ್ ಪ್ಲಗ್, ಕ್ಯಾಲಿಪರ್ ಸ್ಲೈಡ್ ಪಿನ್ ಬೋಲ್ಟ್, ಅಲ್ಯೂಮಿನಿಯಂಗೆ ಹೋಗೋ ಯಾವುದೇ ಸಣ್ಣ ಬೋಲ್ಟ್: ಇವಕ್ಕೆ ಇಂಪ್ಯಾಕ್ಟ್ ಮುಟ್ಟಿಸಬೇಡಿ. ಡ್ರೈನ್ ಪ್ಲಗ್ ಬಿಗಿಯೇ ಸಾಮಾನ್ಯವಾಗಿ 25ರಿಂದ 40 ನ್ಯೂಟನ್ ಮೀಟರ್, ಒಂದೆರಡು ಏಟಿಗೆ ಎಂಜಿನ್ ಕೆಳಗಿನ ಆಯಿಲ್ ಸಂಪಿನ ಥ್ರೆಡ್ ಹೋಗುತ್ತೆ. ಕಳ್ಳತನ ತಡೆಯೋ ಲಾಕ್ ನಟ್ಟಿನ ಕೀಗೂ ಬೇಡ. ಆ ಕೀಯ ಹಲ್ಲು ತೆಳು, ಮುರಿದರೆ ಚಕ್ರ ಬಿಚ್ಚೋಕೆ ದಾರಿಯೇ ಇರಲ್ಲ. ಅದೊಂದನ್ನ ಉದ್ದ ಹಿಡಿಯ ಪಾನದಲ್ಲಿ, ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿ. ಕಣ್ಣಿಗೆ ಕನ್ನಡಕ, ಕಿವಿಗೆ ಇಯರ್ ಪ್ಲಗ್ ಹಾಕಿಕೊಳ್ಳಿ, ವೀಲ್ ಆರ್ಚ್ ಒಳಗೆ ಇದರ ಸದ್ದು ಇನ್ನೂ ಜೋರಾಗಿ ಬಡಿಯುತ್ತೆ.