ವೃದ್ಧಾಶ್ರಮಕ್ಕೆ ಎಮರ್ಜೆನ್ಸಿ ಕಾಲ್ ಬೆಲ್: ವೈರಿಂಗ್ ಮಾಡಿಸಬೇಕಾ, ವೈರ್‌ಲೆಸ್ ಸಾಕಾ? ಅನುಭವ ಇದ್ದವರು ಹೇಳಿ

ಬೋಗಾದಿ, ಮೈಸೂರು:
ಅಪ್ಪನ ಸೈಟಿನಲ್ಲಿ 14 ರೂಮಿನ ವೃದ್ಧಾಶ್ರಮ ಕಟ್ಟಿಸುತ್ತಿದ್ದೇವೆ. ಹಾಸಿಗೆ ಪಕ್ಕ ಒಂದು ಬಟನ್, ಬಾತ್‌ರೂಮಿನಲ್ಲಿ ಎಳೆಯುವ ದಾರ, ಬಾಗಿಲ ಮೇಲೆ ಲೈಟ್ ಬೇಕು. ಸೋಮವಾರ ಪ್ಲಾಸ್ಟರಿಂಗ್ ಶುರು. ಯಾವುದು ಒಳ್ಳೆಯದು?

ಕುವೆಂಪುನಗರ:
ವೈರಿಂಗೇ ಮಾಡಿಸಿ. ನಮ್ಮ ನರ್ಸಿಂಗ್ ಹೋಮ್‌ನಲ್ಲಿ ಪೇಂಟ್ ಆದ ಮೇಲೆ ಹಾಕಿಸಿದೆವು. ಯಾವ ರೂಮಿನಿಂದ ಕರೆ ಬಂತು ಅಂತ ತೋರಿಸುವ ಪ್ಯಾನೆಲ್, ಬಟನ್, ಲೈಟ್ ಸೇರಿ 1,12,000. ಗೋಡೆ ಕೊರೆದು ಮುಚ್ಚಿದ್ದಕ್ಕೆ 38,000, ಮತ್ತೆ ಪೇಂಟ್‌ಗೆ 21,500. ಆಮೇಲೆ ಶುರುವಾಯಿತು ಕಥೆ. ಲೈನ್ ಕಟ್ ಆದರೆ ಪ್ಯಾನೆಲ್‌ಗೆ ಗೊತ್ತಾಗಲಿ ಅಂತ ಕೊನೆಯ ಬಟನ್ ಹತ್ತಿರ ರೆಸಿಸ್ಟರ್ ಅನ್ನುವ ಚಿಕ್ಕ ಪಾರ್ಟ್ ಹಾಕಬೇಕು ಅಲ್ವಾ? ಕಂಟ್ರಾಕ್ಟರ್ ಕಡೆಯ ಹುಡುಗ ಅದನ್ನು ಪ್ಯಾನೆಲ್ ಒಳಗೇ ಸಿಕ್ಕಿಸಿ ಹೋಗಿದ್ದ, ಹಾಗಾಗಿ ಹೊರಗೆ ತಂತಿ ಕಟ್ ಆದರೂ ಅದಕ್ಕೆ ಗೊತ್ತಾಗುವಂತಿರಲಿಲ್ಲ. ಮೂರನೇ ರೂಮಿನ ತಂತಿಯನ್ನು ಇಲಿ ಕಡಿದಿತ್ತು, ಪ್ಯಾನೆಲ್‌ನಲ್ಲಿ ಮಾತ್ರ ಹಸಿರು ದೀಪ ಉರಿಯುತ್ತಲೇ ಇತ್ತು. ರೋಗಿ ಬಟನ್ ಒತ್ತಿದರು, ಯಾರಿಗೂ ಕೇಳಲಿಲ್ಲ. ಪುಣ್ಯಕ್ಕೆ ಅವರ ಮಗಳು ಅಲ್ಲೇ ಇದ್ದಳು. ಬೇರೆಯವರನ್ನು ಕರೆಸಿ ಎಲ್ಲ ಬಿಚ್ಚಿಸಿದ್ದಕ್ಕೆ ಇನ್ನೂ 9,000 ಹೋಯಿತು. ಈಗ ಸರಿಯಾಗಿದೆ.

ವಿದ್ಯಾನಗರ, ಮಂಡ್ಯ:
ಇಷ್ಟೆಲ್ಲ ಖರ್ಚು ಯಾಕೆ ಸ್ವಾಮಿ? ನಮ್ಮ ತಂದೆಗೆ ಸ್ಟ್ರೋಕ್ ಆದಾಗ ವೈರ್‌ಲೆಸ್ ಬೆಲ್ ಕೊಂಡೆ. ಒಂದು ರಿಸೀವರ್, ಐದು ಬಟನ್, ಒಟ್ಟು 6,400. ಗೋಡೆಗೆ ಒಂದು ಮೊಳೆ ಕೂಡ ಹೊಡೆದಿಲ್ಲ. ಕರೆಂಟ್ ಹೋದರೂ ನಡೆಯುತ್ತದೆ. ಬಟನ್ ಒಳಗಿನ ಸೆಲ್ ನಾನೇ ಬದಲಾಯಿಸುತ್ತೇನೆ.

ಕುವೆಂಪುನಗರ:
ಅದು ಮನೆ, ಇದು 14 ರೂಮಿನ ಆಶ್ರಮ. ಸೆಲ್ ಸತ್ತರೆ ನಿಮ್ಮ ಬಟನ್ ಹೇಳುತ್ತದಾ? ಮಧ್ಯೆ ಲಿಫ್ಟ್‌ನ ಕಾಂಕ್ರೀಟ್ ಗೋಡೆ ಬಂದರೆ ಸಿಗ್ನಲ್ ದಾಟುತ್ತದಾ?

ವಿದ್ಯಾನಗರ, ಮಂಡ್ಯ:
ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಸುರಿದೂ ರೋಗಿ ಕರೆದಿದ್ದು ಕೇಳದವರು ನನಗೆ ಪಾಠ ಹೇಳುವುದಾ? ನಮ್ಮಪ್ಪ ಕರೆದಾಗಲೆಲ್ಲ ನನಗೆ ಕೇಳಿದೆ.

ಶ್ರೀರಂಗಪಟ್ಟಣ, ವೈರಿಂಗ್ ಕೆಲಸ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಹುಡುಗನ ಮೇಲೆ ಗೂಬೆ ಕೂರಿಸುವ ಮುಂಚೆ ಹೇಳಿ, ಅವನ ಕೈಗೆ ಡ್ರಾಯಿಂಗ್ ಕೊಟ್ಟಿದ್ದಿರಾ? ಕಡಿಮೆ ರೇಟ್ ಹೇಳಿದವನಿಗೇ ಕೆಲಸ ಕೊಡುತ್ತೀರಿ, ಆಮೇಲೆ ಬೈಯುತ್ತೀರಿ. ನಾನು ಮಾಡಿದ ಒಂದು ಕಟ್ಟಡದಲ್ಲಿ ಓನರ್ ತಾವೇ ಅಗ್ಗದ ಕೇಬಲ್ ತಂದುಕೊಟ್ಟರು. ಮೇಲೆ ತಾಮ್ರದ ಬಣ್ಣ, ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಬೇಡ ಅಂದೆ, ಕೇಳಲಿಲ್ಲ. ಪ್ಯಾನೆಲ್‌ನಲ್ಲಿ 24 ವೋಲ್ಟ್ ಇದ್ದರೂ ಕೊನೆಯ ರೂಮಿನ ಲೈಟ್ ಮಂಕು. ಎಲ್ಲ ಕಿತ್ತು ಅಪ್ಪಟ ತಾಮ್ರದ್ದು ಎಳೆದಾಗ ಸರಿಹೋಯಿತು. ಕೇಬಲ್‌ನಲ್ಲಿ ಉಳಿಸಿದ್ದು ಐದು ಸಾವಿರ, ಮರುಕೂಲಿಗೆ ಹೋಗಿದ್ದು 17,000. ಅದರಲ್ಲಿ ನನಗೆ 6,000 ಇನ್ನೂ ಬಾಕಿ.

ವಿಜಯನಗರ ಎರಡನೇ ಹಂತ:
ತಂತಿ, ಸೆಲ್ ಅಂತ ಕಿತ್ತಾಡುತ್ತಿದ್ದೀರಿ. ನಮ್ಮಮ್ಮ ಇದ್ದ ಆಶ್ರಮದಲ್ಲಿ ದುಬಾರಿ ಸಿಸ್ಟಮ್ಮೇ ಇತ್ತು. ಅಮ್ಮ ಬಾತ್‌ರೂಮಿನಲ್ಲಿ ಜಾರಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ಕೆಂಪು ದಾರವನ್ನು ಸುತ್ತಿ ಟವೆಲ್ ರಾಡಿಗೆ ಗಂಟು ಹಾಕಿದ್ದರು. ನೆಲದಲ್ಲಿ ಬಿದ್ದವರಿಗೆ ಅದು ಎಟಕುತ್ತದಾ? ಅಂಗವಿಕಲರಿಗೂ ಅನುಕೂಲವಾಗುವಂತೆ ಕಟ್ಟಡ ಹೇಗಿರಬೇಕು ಅಂತ ಹೇಳುವ ಬ್ರಿಟನ್ನಿನ ಮಾನದಂಡ ಬಿಎಸ್ 8300 ಪ್ರಕಾರ ದಾರಕ್ಕೆ ಎರಡು ಕೆಂಪು ಬಳೆ ಇರಬೇಕು. ಕೆಳಗಿನದು ನೆಲದಿಂದ 100 ಮಿಲಿಮೀಟರ್ ಎತ್ತರದಲ್ಲಿ, ಮೇಲಿನದು 800ರಿಂದ 1000 ಮಿಲಿಮೀಟರ್ ನಡುವೆ. ಇನ್ನೊಂದು, ಅಲ್ಲಿ ಅಲಾರಂ ಬಂದರೆ ಡೆಸ್ಕಿನಲ್ಲಿ ಕೂತಲ್ಲೇ ಆಫ್ ಮಾಡುತ್ತಿದ್ದರು. ರೀಸೆಟ್ ಬಟನ್ ಆ ರೂಮಿನಲ್ಲೇ ಇರಬೇಕು. ಎದ್ದು ಹೋಗಿ ನೋಡದೆ ಅದು ನಿಲ್ಲಬಾರದು. ಆಪರೇಷನ್‌ಗೆ ಎರಡು ಲಕ್ಷದ ಮೇಲಾಯಿತು, ಅಮ್ಮ ಮತ್ತೆ ವಾಕರ್ ಬಿಡಲಿಲ್ಲ.

ವಿದ್ಯಾನಗರ, ಮಂಡ್ಯ:
ಕೇಳಿ ಬೇಜಾರಾಯಿತು ಅಕ್ಕಾ. ಕ್ಲೀನಿಂಗ್‌ನವರ ಕೆಲಸ ಅದು, ಅಂಥವರನ್ನು ಅವತ್ತೇ ಮನೆಗೆ ಕಳಿಸಬೇಕು.

ಹೂಟಗಳ್ಳಿ:
ನಮ್ಮತ್ತೆ ಕ್ಲೀನಿಂಗ್ ಕೆಲಸವೇ ಮಾಡುತ್ತಾರೆ. ದಾರ ಯಾತಕ್ಕೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನೆಲ ತೊಳೆಯುವಾಗ ದಾರ ಒದ್ದೆಯಾಗಿ ಗಲೀಜಾದರೆ ಬೈಸಿಕೊಳ್ಳುವವರು ಅವರೇ. ಒರೆಸಿದರೆ ಹೋಗುವ ಪ್ಲಾಸ್ಟಿಕ್ ದಾರ ಹಾಕಿಸಿ, ಆಮೇಲೆ ಮನೆಗೆ ಕಳಿಸುವ ಮಾತಾಡಿ.

ಕುವೆಂಪುನಗರ:
ಡ್ರಾಯಿಂಗ್ ಕೊಟ್ಟಿದ್ದೆ ಅಣ್ಣಾ, ಫೋಟೊ ಕೂಡ ಇದೆ. ನಿಮ್ಮ ಬಾಕಿ 6,000ಕ್ಕೂ ನನಗೂ ಏನು ಸಂಬಂಧ?

ಬೋಗಾದಿ, ಮೈಸೂರು:
ಗೋಡೆಯೊಳಗೆ ಬೆಲ್ ತಂತಿ ಎಳೆಯಲು ಪೈಪ್ ಎಷ್ಟರದ್ದು ಹಾಕಿಸಲಿ? ಮೇಸ್ತ್ರಿ ಕೇಳುತ್ತಿದ್ದಾರೆ.

ಶ್ರೀರಂಗಪಟ್ಟಣ, ವೈರಿಂಗ್ ಕೆಲಸ:
25 ಎಂಎಂ. 230 ವೋಲ್ಟ್ ತಂತಿ ಇರುವ ಪೈಪಿನಲ್ಲಿ ಬೆಲ್ ತಂತಿ ಸೇರಿಸಲೇಬೇಡಿ. ಪ್ಯಾನೆಲ್ ಒಳಗೆ ಕರೆಂಟ್ ಹೋದಾಗಲೂ ನಡೆಯಲು 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎರಡು, ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿ. ಇನ್ವರ್ಟರ್ ಇದೆ ಅಂತ ಅದನ್ನು ಬಿಡಬೇಡಿ.

ಕುವೆಂಪುನಗರ:
20 ಎಂಎಂ ಧಾರಾಳ ಸಾಕು. ಸುಮ್ನೆ ಖರ್ಚು ಹೆಚ್ಚಿಸಬೇಡಿ.

ಶ್ರೀರಂಗಪಟ್ಟಣ, ವೈರಿಂಗ್ ಕೆಲಸ:
ನಾಳೆ ಇನ್ನೊಂದು ತಂತಿ ಎಳೆಯಬೇಕಾದರೆ ಗೋಡೆ ಒಡೆಯಲು ನೀವು ಬರುತ್ತೀರಾ ಸರ್?