ಕಿಂಗ್ ಆಫ್ ಜಾಝ್ (1930): ವಿಎಚ್‌ಎಸ್ ಟೇಪ್ ಸಾಕಾ, ಬ್ಲೂ-ರೇ ಡಿಸ್ಕ್ ತಗೊಳ್ಳಾ? ಅನುಭವ ಇದ್ದೋರು ಹೇಳಿ

ಮೈಸೂರು ಹುಡುಗ: ಪಾಲ್ ವೈಟ್‌ಮನ್ ಬ್ಯಾಂಡಿನ ಈ ಸಿನಿಮಾದ 1992ರ ವಿಎಚ್‌ಎಸ್ ನಮ್ ಮಾವನ ಹತ್ರ ಇದೆ. ಕ್ರೈಟೀರಿಯನ್ ಕಂಪನಿಯೋರು 2018ರಲ್ಲಿ ತಂದ ಬ್ಲೂ-ರೇಗೆ ದುಡ್ಡು ಹಾಕ್ಬಹುದಾ? ಮನೇಲಿರೋದು ಮಾಮೂಲಿ ಪ್ಲೇಯರ್.

ರೀಲ್ ಹುಚ್ಚ: ನಾನು ತರಿಸ್ದೆ. ಡಿಸ್ಕಿಗೆ 2,900, ಶಿಪ್ಪಿಂಗ್ 1,650, ಕಸ್ಟಮ್ಸ್ ಅಂತ ಬಾಗಿಲಲ್ಲೇ ಇನ್ನೂ 1,400 ಕಿತ್ಕೊಂಡ್ರು, ಬಿಚ್ಚಿ ನೋಡಿದ್ರೆ ಕೇಸ್ ಒಳಗಿನ ಹಲ್ಲು ಮುರಿದು ಡಿಸ್ಕ್ ಗಲಗಲ ಅಂತಿತ್ತು, ಅಂಚಲ್ಲಿ ಗೀರು, ಮಾರಿದೋನು ಒಂದು ಮೇಲಿಗೂ ಉತ್ತರ ಕೊಡ್ಲಿಲ್ಲ. ಅದ್ರ ಮೇಲೆ ಬ್ಲೂ-ರೇಗೆ ದೇಶಗಳ ಪ್ರಕಾರ ರೀಜನ್ ಅಂತ ಇರುತ್ತೆ, ಡಿಸ್ಕು ರೀಜನ್ ಎ, ನಮ್ ಇಂಡಿಯಾ ಸಿ, ಹಂಗಾಗಿ ರೀಜನ್-ಫ್ರೀ ಪ್ಲೇಯರಿಗೆ 19,000 ಬೇರೆ. ಆದ್ರೂ ಬಿಡಲ್ಲ ಅಂತೀನಿ. ಸುಮಾರು 98 ನಿಮಿಷ ಸಿಗುತ್ತೆ, ಚಿತ್ರ ಕಳೆದುಹೋದ ಕಡೆ ಸ್ಟಿಲ್ ಫೋಟೋ ಹಾಕಿ ಹಳೇ ಸೌಂಡ್ ಕೂರಿಸಿದಾರೆ.

ಟೇಪಣ್ಣ: ಸ್ಟಿಲ್ ನೋಡೋಕೆ ಅಷ್ಟು ದುಡ್ಡಾ? ನನ್ ಟೇಪು ಅಮೆರಿಕದ್ದು, ಅಲ್ಲಿನ ಎನ್‌ಟಿಎಸ್‌ಸಿ ವಿಡಿಯೋ ಪದ್ಧತಿದು, ನಮ್ಮಲ್ಲಿನದಲ್ಲ. ಅದಕ್ಕೇ ಅಂತ ಮಲ್ಟಿಸಿಸ್ಟಮ್ ವಿಸಿಆರ್ 6,500 ಕೊಟ್ಟು ತಂದೆ, ಹೆಡ್ಡು ಹೋಯ್ತು, ರಿಪೇರಿಗೆ 2,200, ಟೇಪಿಗೆ ಫಂಗಸ್ ಹಿಡಿದಾಗ ಒಂದೊಂದು ಅಡಿನೂ ಕೈಯಲ್ಲೇ ಒರೆಸಿದೀನಿ. ಆದ್ರೆ ‘ರಾಪ್ಸೊಡಿ ಇನ್ ಬ್ಲೂ’ ಸಂಗೀತದ ಸೀನಲ್ಲಿ ಆ ದೈತ್ಯ ಪಿಯಾನೋ ಒಳಗಿಂದ ಬ್ಯಾಂಡ್ ಬರುತ್ತಲ್ಲ, ನನ್ ಟೇಪಲ್ಲಿ ಅದು ನೀಲಿ. ನಿಮ್ ಬ್ಲೂ-ರೇಲಿ ಹಸಿರು!

ರೀಲ್ ಹುಚ್ಚ: ಟೇಪಣ್ಣ, ಹಸಿರು ಕಾಣ್ಬೇಕಾದ್ದೇ ಸರಿ. ಆಗಿನ ಟೆಕ್ನಿಕಲರಲ್ಲಿ ಕೆಂಪು ಹಸಿರು ಎರಡೇ ಬಣ್ಣ, ನೀಲಿ ಬರ್ತಾನೇ ಇರ್ಲಿಲ್ಲ. ಕಲಾ ನಿರ್ದೇಶಕ ಹರ್ಮನ್ ರೋಸೆ ಬೂದು, ಬೆಳ್ಳಿ ಬಣ್ಣದ ಸೆಟ್ ಹಾಕಿ ಆ ಹಸಿರನ್ನೇ ನೀಲಿ ಥರ ಕಾಣಿಸಿದ್ರು, ಕಲಾ ನಿರ್ದೇಶನಕ್ಕೆ ಆಸ್ಕರೂ ಬಂತು. ನಿಮ್ ಟೇಪಿನ ನೀಲಿ ಆಮೇಲೆ ಯಾರೋ ಜಾಸ್ತಿ ಮಾಡಿದ್ದು.

ಟೇಪಣ್ಣ: ನಂಗೆ ಪಾಠ ಬೇಡ ರೀ. ಕಣ್ಣಿಗೆ ಚೆನ್ನಾಗಿದ್ರೆ ಸಾಕು.

ಶಾರದಕ್ಕ: ಇಬ್ರೂ ಬಣ್ಣಕ್ಕೇ ಕಿತ್ತಾಡ್ತಿದೀರಿ! ನಂಗೆ ಒಬ್ಬ ‘ಫುಲ್ ಮೂವಿ’ ಅಂತ 850 ರೂಪಾಯಿಗೆ ಡಿವಿಡಿ ಮಾರಿದ, ನೋಡಿದ್ರೆ 1933ರಲ್ಲಿ ಇದ್ರಲ್ಲಿ ಹಾಡಿದ ಬಿಂಗ್ ಕ್ರಾಸ್ಬಿ ಹೆಸರಾದ್ಮೇಲೆ ಕತ್ತರಿಸಿ ಮತ್ತೆ ಬಿಟ್ಟಿದ್ರಲ್ಲ, ಆ 65 ನಿಮಿಷದ್ದು. ದುಡ್ಡು ವಾಪಸ್ ಇಲ್ಲ. ಇನ್ನು ಆ ಕೊನೇ ಮೆಲ್ಟಿಂಗ್ ಪಾಟ್ ಸೀನು! ಯುರೋಪಿನ ದೇಶಗಳ ಸಂಗೀತ ಎಲ್ಲ ಒಂದೇ ಪಾತ್ರೇಲಿ ಸೇರಿ ಜಾಝ್ ಆಯ್ತಂತೆ, ಜಾಝ್ ಹುಟ್ಟಿಸಿದ ಅಮೆರಿಕದ ಕಪ್ಪು ಜನರನ್ನೇ ಬಿಟ್ಟುಬಿಟ್ಟಿದಾರೆ. ಎಷ್ಟು ರಿಸ್ಟೋರ್ ಮಾಡಿದ್ರೂ ಅದು ಸರಿಹೋಗುತ್ತಾ?

ರೀಲ್ ಹುಚ್ಚ: ಮೇಡಂ, ಅದು 1930ರ ಸಿನಿಮಾ.

ಶಾರದಕ್ಕ: 1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್ ಥರದ ಕಪ್ಪು ಜಾಝ್ ಕಲಾವಿದ್ರು ಇರ್ಲಿಲ್ವಾ? ಎಲ್ಲಾರ್ಗೂ ಗೊತ್ತಿತ್ತು.

ಟೇಪಣ್ಣ: ಅಕ್ಕ ಹೇಳಿದ್ದು ಸರಿ. ನೀಲಿ ವಿಷಯದಲ್ಲಿ ಮಾತ್ರ ನಾನು ಸೋಲಲ್ಲ.